ಪೇಷೆಂಟ್ ಕಡೆಯವರು ಯಾರು?

ಹಿಮ್ಮಡಿ ಮುಟ್ಟುವಷ್ಟು ಕೂದಲಿದ್ದ ಒಬ್ಬ ಹೆಣ್ಣಿನಿಂದ ನಮ್ಮೂರು ಮಿಡಿಗೇಶಿಗೆ ಆ ಹೆಸರು ಬಂತು ಅನ್ನುತ್ತಾರೆ. ಗಂಡ ಸತ್ತ ಮೇಲೆ ಚಿತೆ ಏರಿದಳಂತೆ. ಅವಳ ಕೂದಲ ಉದ್ದ ನೆನಪಿಟ್ಟುಕೊಂಡ ಊರಿಗೆ ಅವಳು ಏನಂದಳು ಅನ್ನುವುದು ನೆನಪಿಲ್ಲ.

ಈಗ ವಾರ್ಡಿನ ಬಾಗಿಲಲ್ಲಿ ಕೂಗುತ್ತಾರೆ: "ಪೇಷೆಂಟ್ ಕಡೆಯವರು ಯಾರ್ರೀ?" ಪೇಷೆಂಟ್ ಅಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ.

ಸಕ್ಕರೆ ಕಾಯಿಲೆಗೆ ನಮ್ಮ ದೊಡ್ಡಮ್ಮನ ಕಾಲು ಕೊಳೆತಾಗಲೂ ಹೀಗೇ. ಮೊಣಕಾಲ ಕೆಳಗೆ ತೆಗೆಯಬೇಕು, ಇಲ್ಲವಾದರೆ ನಂಜು ಮೈಗೇರುತ್ತದೆ ಎಂದು ಡಾಕ್ಟರು ಹೇಳಿದ್ದು ಕಾರಿಡಾರಿನಲ್ಲಿ ನಿಂತ ಗಂಡಸರಿಗೆ. "ಆಡು ಹೊಡ್ಕೊಂಡು ಬೆಟ್ಟ ಹತ್ತಿದ ಜೀವ ಸಾರ್, ಕಾಲಿಲ್ಲದೆ ಬದುಕಲ್ಲ. ಮನೆಗೆ ಕರ್ಕೊಂಡೋಗ್ತೀವಿ" ಅಂದ ಅವಳ ಮಗ. ಡಾಕ್ಟರಿಗೂ ಹಗುರಾಯಿತು. ಇಂಗ್ಲಿಷ್ ಫಾರಮ್ಮಿಗೆ ಅವನೇ ಸೈನ್ ಹಾಕಿದ. ವೇದಿಕೆ ಸಿಕ್ಕರೆ ಗುಡುಗುವ ನಾನೂ ಅಲ್ಲಿ ಗೋಡೆಗೊರಗಿ ನಿಂತಿದ್ದೆ.

ಅರಿವಳಿಕೆಯಲ್ಲಿದ್ದ ಮಗಳ ಗರ್ಭಕೋಶ ತೆಗೆಯಲು ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು, ಎಚ್ಚರವಾಗುವ ತನಕ ಕಾದು ಅವಳನ್ನೇ ಕೇಳಬೇಕಿತ್ತು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಹೆತ್ತವಳಿಗಿಲ್ಲದ ಅಧಿಕಾರ ಕಾರಿಡಾರಿನ ಗಂಡಸರಿಗೆ ಯಾರು ಕೊಟ್ಟರು?

2025ರ ಜನವರಿ 30ರಂದು ನಮ್ಮ ಆರೋಗ್ಯ ಇಲಾಖೆ ಘನತೆಯ ಸಾವಿನ ಹಕ್ಕಿಗೆ ಆದೇಶ ಹೊರಡಿಸಿತು. ಗುಣವಾಗದ ಸ್ಥಿತಿಯಲ್ಲಿ ವೆಂಟಿಲೇಟರ್ ಬೇಡವೆಂದು ಮೊದಲೇ ಬರೆದಿಡಬಹುದು. ಇಬ್ಬರು ಸಾಕ್ಷಿ, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ, ಆಮೇಲೆ ವೈದ್ಯರ ಎರಡು ಮಂಡಳಿಗಳ ಒಪ್ಪಿಗೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ ಇದಕ್ಕಾಗಿ ವರ್ಷಗಟ್ಟಲೆ ಅರ್ಜಿ ಬರೆದು ಹಟ ಹಿಡಿದವರು, ಅವರಿಗೆ ಶರಣು. ಆದರೆ ಸಾಯುವ ಮಾತಿಗೆ ಇಷ್ಟೊಂದು ಸಹಿ ಕೇಳುವ ವ್ಯವಸ್ಥೆ, ಬದುಕುವ ಮಾತು ಕೇಳಲು ಮಂಚದ ಪಕ್ಕ ಒಂದು ಸ್ಟೂಲು ಹಾಕಿಲ್ಲ. ಹಣವಿಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಲಾರದೆ "ಅವಳಿಗೆ ಇಷ್ಟ ಇಲ್ಲ" ಎಂದು ತಿರುಗಿಸಿ ಹೇಳುವ ನಾವು ಬೇರೆ.

ಡಿಸ್ಚಾರ್ಜಿಗೆ ಬಟ್ಟೆ ಗಂಟು ಕಟ್ಟುತ್ತಿದ್ದಾಗ ದೊಡ್ಡಮ್ಮ ಎದ್ದು ಕೂತಳು. "ಯಾರ್ಲಾ ಹೇಳಿದ್ದು ಬದುಕಲ್ಲ ಅಂತ? ಕಾಲು ತೆಗೀಲಿ. ಕೂತ್ಕಂಡು ಹುಣಸೇಹಣ್ಣು ಕುಟ್ಟಾಕೆ ಕಾಲ್ಯಾಕೆ?"

ಹೊಸ ಫಾರಂ ಬಂತು. ಅವಳದು ಹೆಬ್ಬೆಟ್ಟು. ವಾರ್ಡಿನಲ್ಲಿ ಇಂಕ್ ಪ್ಯಾಡೇ ಇರಲಿಲ್ಲ. ಬಿಲ್ಲಿಂಗ್ ಕೌಂಟರಿನಿಂದ ತಂದರು.