ಕೋಲು ಕೂಗಿಕೊಂಡರೆ ಓಡಿ ಬರುವವರು ಯಾರು?

ಊರುಗೋಲಿಗೆ ಈಗ ದನಿ ಬಂದಿದೆ. ಹಿಡಿಕೆಯ ಪಕ್ಕದಲ್ಲೊಂದು ಕೆಂಪು ಬಟನ್, ಮುಂದುಗಡೆ ಪುಟ್ಟ ಟಾರ್ಚು. ಬಟನ್ ಒತ್ತಿದರೆ ಕಿವಿಗಡಚಿಕ್ಕುವ ಸೈರನ್. ಇಂಥ ಕೋಲುಗಳು ಆನ್‌ಲೈನ್ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತಿವೆ. ಇನ್ನಷ್ಟು ದುಡ್ಡು ಕೊಟ್ಟರೆ ಒಳಗೆ ಸಿಮ್ ಹಾಕಬಹುದಾದ, ಮಗನಿಗೋ ಮಗಳಿಗೋ ಕರೆ ಮಾಡುವ, ಬಿದ್ದ ಜಾಗವನ್ನು ಮ್ಯಾಪಿನಲ್ಲಿ ತೋರಿಸುವ ಕೋಲುಗಳೂ ಇವೆ. ನೆಲಕ್ಕೆ ಬಿದ್ದ ಕೂಡಲೇ ತಾನಾಗಿಯೇ ಸುದ್ದಿ ಮುಟ್ಟಿಸುವ ಮಾದರಿಗಳೂ ಬಂದಿವೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಊರಿನ ವಿಳಾಸಕ್ಕೆ ಒಂದನ್ನು ತರಿಸಿಕೊಟ್ಟು, ‘ಅಪ್ಪ, ಏನಾದ್ರೂ ಆದ್ರೆ ಇದನ್ನ ಒತ್ತಿ’ ಎಂದು ಹೇಳಿ ನಿಟ್ಟುಸಿರು ಬಿಡುತ್ತಾರೆ. ಇವತ್ತು ಮನೆಮಂದಿ ಕೊಳ್ಳುತ್ತಿರುವ ಈ ಕೋಲು ನಾಳೆ ಸರ್ಕಾರದ ಉಚಿತ ವಿತರಣೆಯ ಪಟ್ಟಿಗೂ ಸೇರಬಹುದು.

ಈ ಬೆಳವಣಿಗೆಗೆ ನಮ್ಮ ವಿರೋಧವಿಲ್ಲ. ಆದರೆ ಒಂದು ಎಚ್ಚರಿಕೆಯನ್ನು ಈಗಲೇ, ಈ ಕೋಲುಗಳು ಇನ್ನೂ ಲಕ್ಷಗಳ ಲೆಕ್ಕದಲ್ಲಿ ಮನೆ ಸೇರುವ ಮೊದಲೇ ಹೇಳಬೇಕಾಗಿದೆ. ಕೋಲಿಗೆ ಕೂಗಲು ಕಲಿಸಿದ್ದೇವೆ, ಆ ಕೂಗನ್ನು ಕೇಳಿಸಿಕೊಂಡು ಬಾಗಿಲಿಗೆ ಬರುವವರು ಯಾರೆಂದು ಗೊತ್ತುಮಾಡಿಲ್ಲ. ಅದನ್ನು ಗೊತ್ತುಮಾಡದೆ ಬಟನ್ನನ್ನು ಮಾತ್ರ ಹಂಚಿದರೆ ಹಿರಿಯರ ಸುರಕ್ಷತೆ ಹೆಚ್ಚುವುದಿಲ್ಲ. ದಿನಕ್ಕೆರಡು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದವರು ‘ಹೇಗೂ ಅಲಾರಂ ಇದೆಯಲ್ಲ’ ಎಂದುಕೊಂಡು ಒಂದು ಸಲಕ್ಕೆ ಇಳಿಸುತ್ತಾರೆ. ಇರುವ ಕಾವಲೂ ಸಡಿಲವಾಗುತ್ತದೆ.

ಅಗತ್ಯವಂತೂ ನಿಜವಾದದ್ದೇ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ 60 ದಾಟಿದವರೇ ಹೆಚ್ಚು. ದೇಶದಲ್ಲಿ 60 ವರ್ಷ ಮೀರಿದವರ ಸಂಖ್ಯೆ 2011ರ ಜನಗಣತಿಯಲ್ಲೇ ಹತ್ತು ಕೋಟಿ ದಾಟಿತ್ತು. ಕರ್ನಾಟಕದಲ್ಲಿ ಅವರು ಆಗ ಸುಮಾರು 58 ಲಕ್ಷ. ಆಮೇಲೆ ಈ ಸಂಖ್ಯೆ ಏರುತ್ತಲೇ ಇದೆ. ಮಲೆನಾಡಿನ ಒಂಟಿ ಮನೆಗಳಲ್ಲಿ, ಕರಾವಳಿಯ ದೊಡ್ಡ ಹೆಂಚಿನ ಮನೆಗಳಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗಂಡ ಹೆಂಡತಿ ಇಬ್ಬರೇ, ಎಷ್ಟೋ ಕಡೆ ಒಬ್ಬರೇ, ದಿನ ದೂಡುತ್ತಿರುವುದು ನಮ್ಮ ಕಣ್ಣೆದುರಿಗಿದೆ.

ಬಿದ್ದ ಪೆಟ್ಟಿಗಿಂತ, ಬಿದ್ದಲ್ಲೇ ಬಹಳ ಹೊತ್ತು ಉಳಿಯುವುದು ಎಷ್ಟೋ ಸಲ ಹೆಚ್ಚು ಅಪಾಯಕಾರಿ. ಒಂದೇ ಮಗ್ಗುಲಲ್ಲಿ ತಾಸುಗಟ್ಟಲೆ ಬಿದ್ದಿದ್ದರೆ ಮೈಭಾರಕ್ಕೆ ಸಿಕ್ಕ ಸ್ನಾಯುಗಳು ನಜ್ಜುಗುಜ್ಜಾಗಿ, ಅವುಗಳಿಂದ ರಕ್ತಕ್ಕೆ ಸೇರುವ ಅಂಶ ಮೂತ್ರಪಿಂಡವನ್ನು ಕೆಡಿಸುತ್ತದೆ. ಚರ್ಮ ಒತ್ತಿ ಹುಣ್ಣಾಗುತ್ತದೆ. ನೀರಿಲ್ಲದೆ ದೇಹ ಒಣಗುತ್ತದೆ. ಬಿದ್ದದ್ದು ಪಾರ್ಶ್ವವಾಯುವಿನಿಂದಾದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಕ್ಕೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ತಾಸು ಮಾತ್ರ. ಹಾಗಾಗಿ ಬೇಗ ಸುದ್ದಿ ಮುಟ್ಟಿಸುವ ಯಾವ ಸಾಧನವೂ ಸ್ವಾಗತಾರ್ಹ. ಪ್ರಶ್ನೆ ಇರುವುದು, ಈ ಸಾಧನ ಆ ಕೆಲಸವನ್ನು ಮಾಡುತ್ತದೆಯೇ ಎಂಬುದರಲ್ಲಿ.

ಮೊದಲು ಕೋಲು ಎಲ್ಲಿರುತ್ತದೆ ಎಂದು ನೋಡೋಣ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದ ಅಜ್ಜಿ ಹಾಸಿಗೆಯಿಂದ ಬಚ್ಚಲಿಗೆ ಗೋಡೆ ಹಿಡಿದುಕೊಂಡೇ ನಡೆಯುತ್ತಾರೆ. ಕೋಲು ಮಂಚದ ತಲೆದೆಸೆಯಲ್ಲಿ ಒರಗಿರುತ್ತದೆ. ತಟ್ಟನೆ ಎದ್ದದ್ದಕ್ಕೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಟ್ಟು ಬೀಳುವುದು, ಬಚ್ಚಲಿನ ಒದ್ದೆ ನೆಲದ ಮೇಲೆ ಜಾರುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಕೋಲು ಕೈಯಲ್ಲೇ ಇದ್ದರೂ ಬೀಳುವಾಗ ಕೈ ಆಸರೆಗೆ ಚಾಚುತ್ತದೆ, ಹಿಡಿತ ಬಿಡುತ್ತದೆ. ಕೋಲು ಜಾರಿ ನಾಲ್ಕು ಮಾರು ಆಚೆ ಹೋಗಿ ಬೀಳುತ್ತದೆ. ಸೊಂಟದ ಮೂಳೆ ಮುರಿದವರಿಗೆ ಆ ನಾಲ್ಕು ಮಾರು ದಾಟಲಾಗದ ದೂರ. ಬಟನ್ ಇರಬೇಕಾದ್ದು ಬಿದ್ದವರ ಮೈಮೇಲೆ. ಕೋಲಿನಲ್ಲಿಟ್ಟರೆ, ಬೇಕಾದ ಗಳಿಗೆಯಲ್ಲೇ ಅದು ಮೈಯಿಂದ ದೂರ ಸರಿಯುತ್ತದೆ.

ಕೈಗೆಟುಕುವಂತೆ ಇದ್ದರೂ ಜನ ಒತ್ತುತ್ತಾರೆ ಎಂದೇನಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 90 ದಾಟಿದ 110 ಮಂದಿಯನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅವರಲ್ಲಿ 66 ಮಂದಿ ಆ ವರ್ಷ ಒಂದು ಸಲವಾದರೂ ಬಿದ್ದರು. 20 ಮಂದಿ ತಾಸು ಅಥವಾ ಅದಕ್ಕೂ ಹೆಚ್ಚು ಹೊತ್ತು ನೆಲದ ಮೇಲೇ ಇದ್ದರು. ಅಲಾರಂ ಸೌಲಭ್ಯವಿದ್ದು, ಒಬ್ಬರೇ ಇದ್ದಾಗ ಬಿದ್ದು ಏಳಲಾರದೆ ಹೋದವರಲ್ಲಿ ಶೇ 80ರಷ್ಟು ಮಂದಿ ಅದನ್ನು ಬಳಸಿರಲೇ ಇಲ್ಲ. ನಮ್ಮ ಹಿರಿಯರೂ ಬೇರೆಯಲ್ಲ. ‘ಈ ಹೊತ್ತಲ್ಲಿ ಅವರನ್ನ ಯಾಕೆ ಎಬ್ಬಿಸೋದು’, ‘ಗೊತ್ತಾದ್ರೆ ಊರು ಬಿಡಿಸಿ ಕರ್ಕೊಂಡು ಹೋಗ್ತಾರೆ’ ಎಂಬ ಸಂಕೋಚ ಮತ್ತು ಭಯ ಬೆರಳನ್ನು ತಡೆಯುತ್ತವೆ. ಮರೆವಿನ ಕಾಯಿಲೆ ಇದ್ದವರಿಗೆ ಬಟನ್ ಇರುವುದೇ ನೆನಪಾಗುವುದಿಲ್ಲ.

ಹಾಗಿದ್ದರೆ ಒತ್ತದೆಯೇ ಕೂಗುವ ಕೋಲು ಒಳ್ಳೆಯದಲ್ಲವೇ ಎನ್ನಬಹುದು. ಅದರೊಳಗಿನ ಸೆನ್ಸರ್ ಗುರುತಿಸುವುದು ಕೋಲು ವೇಗವಾಗಿ ವಾಲಿದ್ದನ್ನು, ನೆಲಕ್ಕೆ ಬಡಿದದ್ದನ್ನು, ಆಮೇಲೆ ಅಲುಗದೆ ಮಲಗಿದ್ದನ್ನು. ಅಂದರೆ ಕೋಲು ಬಿದ್ದದ್ದು ಅದಕ್ಕೆ ಗೊತ್ತಾಗುತ್ತದೆ, ಮನುಷ್ಯ ಬಿದ್ದದ್ದು ಗೊತ್ತಾಗುವುದಿಲ್ಲ. ಗೋಡೆಗೆ ಒರಗಿಸಿದ ಕೋಲು ಜಾರುವುದು, ಬಸ್ಸಿನ ಸೀಟಿನಿಂದ ಉರುಳುವುದು, ಮೊಮ್ಮಕ್ಕಳು ಎಳೆದಾಡಿ ಬೀಳಿಸುವುದು ದಿನನಿತ್ಯದ ಸಂಗತಿ. ಇತ್ತ, ಎದೆನೋವು ಬಂದು ಕುರ್ಚಿಯಲ್ಲೇ ಕುಸಿದವರ ಕೋಲು ಪಕ್ಕದಲ್ಲಿ ನೆಟ್ಟಗೆ ನಿಂತೇ ಇರುತ್ತದೆ. ಮೊದಲ ವಾರ ಪ್ರತಿ ಸಲವೂ ಗಾಬರಿಯಿಂದ ಕರೆ ಮಾಡಿದ ಮಗ, ತಿಂಗಳು ಕಳೆಯುವಷ್ಟರಲ್ಲಿ ‘ಮತ್ತೆ ಕೋಲು ಬಿದ್ದಿರಬೇಕು’ ಎಂದು ಸಂದೇಶವನ್ನು ಬದಿಗೆ ಸರಿಸುತ್ತಾನೆ. ನಿಜವಾದ ಕರೆಯೂ ಆ ರಾಶಿಯಲ್ಲಿ ಕಳೆದುಹೋಗುತ್ತದೆ. ಇದರಲ್ಲಿ ಮಗನ ತಪ್ಪಿಲ್ಲ. ಸುಳ್ಳು ಕರೆಯನ್ನೂ ನಿಜದ ಕರೆಯನ್ನೂ ಬೇರ್ಪಡಿಸುವ ಕೆಲಸವನ್ನು ಮನೆಮಂದಿಯ ತಲೆಗೆ ಕಟ್ಟಿದ್ದು ತಪ್ಪು.

ಇನ್ನು ಸುದ್ದಿ ಸಾಗುವ ದಾರಿ. ಸೈರನ್ ಮಾತ್ರ ಇರುವ ಅಗ್ಗದ ಕೋಲಿನ ಸದ್ದು ಪಕ್ಕದ ಮನೆಯವರಿಗೆ ಕೇಳಿಸಿದರೆ ಉಂಟು. ತೋಟದ ನಡುವಿನ ಒಂಟಿ ಮನೆಯಲ್ಲಿ, ಮಳೆಗಾಲದ ಆರ್ಭಟದಲ್ಲಿ, ಅದು ಅಂಗಳ ದಾಟುವುದಿಲ್ಲ. ಸಿಮ್ ಇರುವ ಕೋಲಿಗೆ ರೀಚಾರ್ಜ್ ಬೇಕು, ಚಾರ್ಜ್ ಬೇಕು, ನೆಟ್‌ವರ್ಕ್ ಬೇಕು. ಒಳಗಿನ ಭಾಗ 2ಜಿಗೆ ಮಾತ್ರ ಒಗ್ಗುವಂಥದ್ದಾದರೆ ಜಿಯೋ ಸಿಮ್ ಹಾಕಿ ಪ್ರಯೋಜನವಿಲ್ಲ, ಆ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. ಮಲೆನಾಡಿನಲ್ಲಿ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಖಾಲಿಯಾದರೆ ಇಡೀ ಊರೇ ಸಂಪರ್ಕದಿಂದ ಹೊರಗೆ. ಮನೆಯೊಳಗೆ, ಕಾಂಕ್ರೀಟಿನ ಛಾವಣಿಯ ಕೆಳಗೆ ಜಿಪಿಎಸ್ ಸರಿಯಾಗಿ ಹಿಡಿಯುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕಟ್ಟಡ ಯಾವುದೆಂದು ತಿಳಿದರೂ ಎಷ್ಟನೇ ಮಹಡಿ ಎಂದು ತಿಳಿಯುವುದಿಲ್ಲ. ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳವನ್ನು ಸಂಧಿವಾತದ ಬೆರಳುಗಳಿಂದ ಎಬ್ಬಿಸುವುದೇ ಕಷ್ಟ. ಬ್ಯಾಟರಿ ಸತ್ತ ಕೋಲು ನೋಡಲು ಬದುಕಿರುವ ಕೋಲಿನಂತೆಯೇ ಇರುತ್ತದೆ.

ಇವು ಬರೀ ಊಹೆಯ ಭಯಗಳಲ್ಲ. ನಮಗಿಂತ ಮೊದಲು ಈ ದಾರಿ ಹಿಡಿದ ದೇಶಗಳು ಪೆಟ್ಟು ತಿಂದು ಕಲಿತಿವೆ. ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಮಂದಿ ದೂರವಾಣಿ ಸಂಪರ್ಕದ ಇಂಥ ಅಲಾರಂಗಳನ್ನು ನೆಚ್ಚಿಕೊಂಡಿದ್ದಾರೆ. ಹಳೆಯ ತಾಮ್ರದ ತಂತಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿದ್ದರಿಂದ ಮನೆಯಲ್ಲಿ ಕರೆಂಟು ಹೋದರೂ ಅಲಾರಂ ಕೆಲಸ ಮಾಡುತ್ತಿತ್ತು. ಡಿಜಿಟಲ್ ಸಂಪರ್ಕಕ್ಕೆ ಬದಲಾಯಿಸುವಾಗ ಕೆಲವು ಸಾಧನಗಳು ಕೈಕೊಟ್ಟವು. ಗಂಭೀರ ಘಟನೆಗಳು ನಡೆದ ಮೇಲೆ, 2023ರ ಡಿಸೆಂಬರಿನಲ್ಲಿ, ಗ್ರಾಹಕರನ್ನು ಒತ್ತಾಯದಿಂದ ಬದಲಾಯಿಸುವುದನ್ನು ನಿಲ್ಲಿಸಬೇಕಾಯಿತು. 2025ರ ಕೊನೆಗೆ ಮುಗಿಯಬೇಕಿದ್ದ ಕೆಲಸ 2027ರ ಜನವರಿಗೆ ಹೋಯಿತು. ಆಸ್ಟ್ರೇಲಿಯಾ 2024ರ ಅಕ್ಟೋಬರಿನಲ್ಲಿ 3ಜಿ ಜಾಲವನ್ನು ಮುಚ್ಚಿದಾಗ ಅದನ್ನೇ ನಂಬಿದ್ದ ವೈದ್ಯಕೀಯ ಅಲಾರಂಗಳನ್ನು ಬದಲಿಸಬೇಕಾಯಿತು. ನಮ್ಮಲ್ಲೂ 2ಜಿ ಮುಚ್ಚುವ ಮಾತು ಆಗಾಗ ಏಳುತ್ತಿದೆ. ಅದು ಕಾರ್ಯರೂಪಕ್ಕೆ ಬರುವ ದಿನ, 2ಜಿ ಕೋಲು ಹಿಡಿದವರ ಕೈಯಲ್ಲಿ ಬರೀ ಕೋಲು ಉಳಿಯುತ್ತದೆ. ಆ ಸುದ್ದಿ ಅವರಿಗೆ ಮುಟ್ಟುವುದೂ ಇಲ್ಲ.

ನಮ್ಮ ದೇಶದ ಅನುಭವವೂ ಇದೆ. 2017ರ ಜನವರಿ 1ರಿಂದ ಮಾರಾಟವಾಗುವ ಎಲ್ಲ ಮೊಬೈಲುಗಳಲ್ಲೂ ಪ್ಯಾನಿಕ್ ಬಟನ್ ಇರಬೇಕೆಂದು ಕೇಂದ್ರ ಸರ್ಕಾರ ಆದೇಶಿಸಿತು. ಅದನ್ನು ಸ್ವೀಕರಿಸಬೇಕಾದ ಹೊಸ 112 ತುರ್ತು ಸ್ಪಂದನ ವ್ಯವಸ್ಥೆ ರಾಜ್ಯವೊಂದರಲ್ಲಿ ಮೊದಲ ಬಾರಿಗೆ ಆರಂಭವಾದದ್ದು 2018ರ ನವೆಂಬರಿನಲ್ಲಿ, ಹಿಮಾಚಲ ಪ್ರದೇಶದಲ್ಲಿ. ಬಟನ್ ಬಂದ ಎಷ್ಟೋ ದಿನಗಳ ಮೇಲೆ ಕಿವಿ ಬಂತು. ಊರುಗೋಲಿನ ವಿಷಯದಲ್ಲಿ ಇದು ಮರುಕಳಿಸಬಾರದು.

ಈಗಿರುವ ಕಿವಿಗಳಾದರೂ ಯಾವುವು? ಪೊಲೀಸರ 112 ಇದೆ. 2008ರಿಂದ ಕರ್ನಾಟಕದ ಹಳ್ಳಿ ಹಳ್ಳಿಗೂ ಪರಿಚಿತವಾದ 108 ಆಂಬುಲೆನ್ಸ್ ಇದೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090 ಇದೆ. ದೇಶಕ್ಕೆಲ್ಲ ಹಿರಿಯರ ಸಹಾಯವಾಣಿ 14567 ಇದೆ, ಆದರೆ ಅದು ಕೆಲಸ ಮಾಡುವುದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಪಿಂಚಣಿ, ಕಿರುಕುಳ, ಕಾನೂನು ಸಲಹೆಯಂಥ ವಿಷಯಗಳಿಗೆ ಅದು ಉಪಕಾರಿ. ರಾತ್ರಿ ಎರಡು ಗಂಟೆಗೆ ಬಚ್ಚಲಲ್ಲಿ ಬಿದ್ದವರಿಗೆ ಅಲ್ಲ. ಕೋಲಿನಿಂದ ಬರುವ ಕರೆಯನ್ನು ಗುರುತಿಸಿ, ಕರೆದವರ ವಯಸ್ಸು, ಕಾಯಿಲೆ, ಮನೆಯ ಬೀಗದ ಕೈ ಯಾರ ಹತ್ತಿರವಿದೆ ಎಂಬುದನ್ನು ಮೊದಲೇ ತಿಳಿದಿರುವ, ಹಗಲು ರಾತ್ರಿ ತೆರೆದಿರುವ ಒಂದು ವ್ಯವಸ್ಥೆ ಬೇಕು.

ಸರ್ಕಾರದ ಮುಂದೆ ಈಗ ಅವಕಾಶವಿದೆ. ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ 2017ರಿಂದ ಬಡ ಹಿರಿಯರಿಗೆ ಊರುಗೋಲು, ವಾಕರ್, ಮೂರು ಕಾಲಿನ ಮತ್ತು ನಾಲ್ಕು ಕಾಲಿನ ಕೋಲುಗಳನ್ನು ಉಚಿತವಾಗಿ ಕೊಡಲಾಗುತ್ತಿದೆ. ಕಾನ್ಪುರದ ಸರ್ಕಾರಿ ಉದ್ದಿಮೆ ಅಲಿಮ್ಕೊ ಅದನ್ನು ನಡೆಸುತ್ತಿದೆ. ಈ ಪಟ್ಟಿಗೆ ಅಲಾರಂ ಕೋಲು ಸೇರುವ ಮೊದಲು, ಟೆಂಡರಿನ ಕಾಗದ ಸಿದ್ಧವಾಗುವ ಹಂತದಲ್ಲೇ, ಕೆಲವು ಷರತ್ತುಗಳು ಅದರೊಳಗೆ ಬರಬೇಕು. ಬಟನ್ ಕೋಲಿನಿಂದ ಕಳಚಿ ಮಣಿಕಟ್ಟಿಗೋ ಕೊರಳಿಗೋ ಹಾಕಿಕೊಳ್ಳುವಂತಿರಬೇಕು, ಬಚ್ಚಲಲ್ಲಿ ನೆನೆದರೂ ಕೆಡಬಾರದು. 2ಜಿ ಮಾತ್ರ ಹಿಡಿಯುವ ಸಾಧನಗಳನ್ನು ಕೊಳ್ಳಲೇಬಾರದು. ಬ್ಯಾಟರಿ ಇಳಿದರೆ, ಸಿಮ್‌ನ ಅವಧಿ ಮುಗಿದರೆ ಹಿರಿಯರಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ ತಿಳಿಯಬೇಕು. ಕರೆಗೆ ಉತ್ತರಿಸುವವರು ಯಾರು, ಎಷ್ಟು ಹೊತ್ತಿನೊಳಗೆ ಎಂಬುದನ್ನು ತಯಾರಕರು ಬರೆದುಕೊಡಬೇಕು. ಇದೆಲ್ಲಕ್ಕೂ ಭಾರತೀಯ ಮಾನಕ ಬ್ಯೂರೊ ಮಟ್ಟವೊಂದನ್ನು ಗೊತ್ತುಪಡಿಸಬೇಕು, ‘ಜೀವ ಉಳಿಸುತ್ತದೆ’ ಎಂಬ ಜಾಹೀರಾತು ಆ ಮಟ್ಟ ಮುಟ್ಟಿದ ಸಾಧನಕ್ಕೆ ಮಾತ್ರ ಸಲ್ಲಬೇಕು.

ಉಳಿದದ್ದು ಮನುಷ್ಯರ ಕೆಲಸ. ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯ ಮಾದರಿ ನಿಯಮಗಳು, ಒಂಟಿಯಾಗಿರುವ ಹಿರಿಯರ ಪಟ್ಟಿಯನ್ನು ಪ್ರತಿ ಪೊಲೀಸ್ ಠಾಣೆಯೂ ಇಟ್ಟುಕೊಳ್ಳಬೇಕು, ತಿಂಗಳಿಗೊಮ್ಮೆಯಾದರೂ ಸ್ವಯಂಸೇವಕರೊಂದಿಗೆ ಅವರ ಮನೆಗೆ ಹೋಗಿ ವಿಚಾರಿಸಬೇಕು ಎನ್ನುತ್ತವೆ. ಆ ಪಟ್ಟಿ ಎಷ್ಟು ಠಾಣೆಗಳಲ್ಲಿ ಇಂದಿಗೆ ಸರಿಯಾಗಿದೆ ಎಂದು ಗೃಹ ಇಲಾಖೆ ಜಿಲ್ಲಾವಾರು ಪ್ರಕಟಿಸಲಿ. ಅದನ್ನು 112ಕ್ಕೂ 108ಕ್ಕೂ ಜೋಡಿಸಲಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಕರೆ ಬಂದರೆ ಹತ್ತು ಹದಿನೈದು ನಿಮಿಷದಲ್ಲಿ ಬಾಗಿಲು ತಟ್ಟಬಲ್ಲ ಇಬ್ಬರ ಹೆಸರು ಪ್ರತಿ ಹಿರಿಯರ ಹೆಸರಿನ ಮುಂದೆ ಇರಲಿ. ಆ ಕೆಲಸವನ್ನು ಈಗಾಗಲೇ ಹೊರೆ ಹೊತ್ತಿರುವ ಆಶಾ ಕಾರ್ಯಕರ್ತೆಯರ ಮೇಲೆ ಬಿಟ್ಟಿಯಾಗಿ ಹೇರದೆ, ಗೌರವಧನ ಕೊಟ್ಟು ಮಾಡಿಸಲಿ.

ಮನೆಮಂದಿಗೂ ಒಂದು ಮಾತು. ಈಗಾಗಲೇ ಕೋಲು ತರಿಸಿದ್ದರೆ ಈ ಭಾನುವಾರವೇ ಪರೀಕ್ಷಿಸಿ. ಅಮ್ಮ ಬಚ್ಚಲಿನಲ್ಲಿ ನಿಂತು ಒತ್ತಲಿ, ಕರೆ ಎಲ್ಲಿಗೆ ಹೋಯಿತು, ಎಷ್ಟು ಹೊತ್ತಿಗೆ ಹೋಯಿತು ನೋಡಿ. ಮೊದಲ ನಂಬರು ದೂರದ ಮಗನದ್ದಾಗಿದ್ದರೆ ಅದನ್ನು ತೆಗೆದು, ಅವರ ಒಪ್ಪಿಗೆ ಪಡೆದು, ಪಕ್ಕದ ಮನೆಯವರದ್ದನ್ನು ಹಾಕಿ. ಒಂದು ಬೀಗದ ಕೈಯನ್ನೂ ಅವರ ಹತ್ತಿರ ಕೊಟ್ಟಿರಿ. ಮಾತು ಮತ್ತು ಎಸ್‌ಎಂಎಸ್‌ಗಷ್ಟೇ ಸೀಮಿತವಾದ ಪ್ಯಾಕುಗಳನ್ನು ಮೊಬೈಲ್ ಕಂಪನಿಗಳು ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರಿನಲ್ಲಿ ನಿಯಮ ಮಾಡಿ, ವಿಶೇಷ ವೋಚರುಗಳಿಗೆ 365 ದಿನಗಳವರೆಗೆ ಅವಧಿ ಇರಲು ಅವಕಾಶ ಕೊಟ್ಟಿದೆ. ಕೋಲಿನ ಸಿಮ್‌ಗೆ ಅಂಥದ್ದನ್ನು ಹಾಕಿಸಿ. ಬಚ್ಚಲಿಗೆ ಹಿಡಿಗಂಬಿ, ಮಂಚದಿಂದ ಬಚ್ಚಲವರೆಗೆ ರಾತ್ರಿ ದೀಪ, ಜಾರದ ಚಪ್ಪಲಿ, ವರ್ಷಕ್ಕೊಮ್ಮೆ ಮಾತ್ರೆಗಳ ಮರುಪರಿಶೀಲನೆ: ಬೀಳುವುದನ್ನೇ ತಪ್ಪಿಸುವ ಈ ಕೆಲಸಗಳನ್ನು ಯಾವ ಅಲಾರಮ್ಮೂ ಮಾಡಿಕೊಡುವುದಿಲ್ಲ. ಬೆಳಿಗ್ಗೆ ಸಂಜೆಯ ಫೋನನ್ನಂತೂ ನಿಲ್ಲಿಸಬೇಡಿ.

ಅಲಾರಂ ಕೋಲು ಇನ್ನೂ ಅಂಗಡಿಯ ಸರಕಾಗಿರುವಾಗಲೇ ಈ ನಿಯಮಗಳನ್ನು ಮಾಡುವುದು ಸುಲಭ. ಲಕ್ಷಾಂತರ ಹಿರಿಯರ ಕೈ ಸೇರಿದ ಮೇಲೆ ಪ್ರತಿ ತಿದ್ದುಪಡಿಗೂ ಯಾರದೋ ಮನೆಯ ಸಾವು ಕಾರಣವಾಗಬೇಕಾಗುತ್ತದೆ. ರಾಜ್ಯ ಸರ್ಕಾರ ಹಿರಿಯ ನಾಗರಿಕರ ಸಬಲೀಕರಣ, ಗೃಹ ಮತ್ತು ಆರೋಗ್ಯ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಕೋಲಿನ ಕರೆಗೆ ಉತ್ತರಿಸುವ ಹೊಣೆ ಇಂಥವರದು ಎಂದು ಆದೇಶದಲ್ಲಿ ಬರೆಯಲಿ. ಆ ಸಾಲು ಬರೆದಾಗುವ ತನಕ ಒಂದೇ ಒಂದು ಅಲಾರಂ ಕೋಲನ್ನೂ ಸಾರ್ವಜನಿಕ ಹಣದಲ್ಲಿ ಕೊಳ್ಳಬಾರದು.