ಹತ್ತು ದಿನದ ಕೂಲಿ ಪಾಠ



2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು: ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕೆಲಸ ಕಲೀಲಿ. ಭೇಷ್! ಕೊಡಗಿನ ಲೈನ್‌ಮನೆಗಳ ಎರವರ, ದಲಿತರ ಮಕ್ಕಳು ಬ್ಯಾಗಿಲ್ಲದೆ ಕಳೆದದ್ದು ಹತ್ತು ದಿನವಾ, ತಲೆಮಾರುಗಳಾ? 1953ರಲ್ಲಿ ಮದ್ರಾಸಿನ ರಾಜಾಜಿ ಸರ್ಕಾರ ಅರ್ಧ ದಿನ ಶಾಲೆ, ಅರ್ಧ ದಿನ ಅಪ್ಪನ ಕಸುಬು ಅಂದಿತ್ತು. 1954ರಲ್ಲಿ ಕಾಮರಾಜರು ಅದನ್ನ ಕಿತ್ತೆಸೆದರು.

ಕೈಯಾರೆ ಕಲಿಯೋದನ್ನ ನಾವು ಬೇಡ ಅನ್ನೋದಿಲ್ಲ. ಆದರೆ ಕಾಫಿ ಕುಯ್ದು ಬೆರಳು ಕಪ್ಪಾದ ಹುಡುಗಿಗೆ ಮತ್ತೆ ಕುಯ್ಲನ್ನೇ ಕಲಿಸ್ತೀರಾ? ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಚೆಟ್ಟಳ್ಳಿಯಲ್ಲೇ ಇದೆಯಲ್ಲ. ಐದೈದು ಮಕ್ಕಳನ್ನ ಅದರ ಒಳಗೆ ಬಿಡಿ. ಎಲೆ ತುಕ್ಕಿನ ಬೂಷ್ಟನ್ನ ಸೂಕ್ಷ್ಮದರ್ಶಕದಲ್ಲಿ ಅವರೇ ನೋಡಲಿ, ಕಂಡದ್ದನ್ನ ಅವರೇ ಬರೆದಿಡಲಿ. ಎಸ್ಟೇಟ್ ಸಾಹುಕಾರರ ಮಕ್ಕಳು ಕುಯ್ಲಿಗೆ ಬರಲಿ. ಹತ್ತೇ ದಿನ, ಮೂಟೆ ಹೊರೋದೂ ಸೇರಿಸಿ.