ಅಗ್ಗದ ಜಾಗ ಯಾರಿಗೆ ಲಾಭ?

ಯಾರಾದರೂ ಜಾಗವನ್ನೋ ಮನೆಯನ್ನೋ ಕೊಂಡರೆಂಬ ಸುದ್ದಿ ಬಂದೊಡನೆ ನಮ್ಮಲ್ಲಿ ಕೇಳಲಾಗುವ ಮೊದಲ ಪ್ರಶ್ನೆ, ‘ಸೆಂಟ್ಸಿಗೆ ಎಷ್ಟು ಬಿತ್ತು?’ ಎಂಬುದಾಗಿದೆ. ಉತ್ತರ ಕೇಳಿದ ಕೂಡಲೇ ತೀರ್ಪು ಹೊರಬೀಳುತ್ತದೆ. ನೆರೆಯ ಜಾಗಕ್ಕಿಂತ ಕಡಿಮೆಯಾದರೆ ‘ಒಳ್ಳೆಯ ವ್ಯಾಪಾರ’, ಹೆಚ್ಚಾದರೆ ‘ಟೋಪಿ ಬಿತ್ತು’. ಕೊಂಡವನು ಯಾರು, ಯಾವ ಉದ್ದೇಶಕ್ಕಾಗಿ ಕೊಂಡ, ಮಾರಿದವನು ಆ ಬೆಲೆಗೆ ಏಕೆ ಒಪ್ಪಿದ ಎಂಬ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಆದರೆ ಬೆಲೆ ನ್ಯಾಯವಾದದ್ದೋ ಅಲ್ಲವೋ ಎಂಬುದು ತಿಳಿಯುವುದು ಈ ಪ್ರಶ್ನೆಗಳಿಂದಲೇ. ಒಂದೇ ಜಾಗ, ಒಂದೇ ಬೆಲೆಗೆ ಒಬ್ಬನಿಗೆ ಆಸರೆಯಾಗಬಹುದು, ಇನ್ನೊಬ್ಬನಿಗೆ ಇಪ್ಪತ್ತು ವರ್ಷಗಳ ಹೊರೆಯಾಗಬಹುದು.

ಸಹೀಹುಲ್ ಬುಖಾರಿಯಲ್ಲಿ ವರದಿಯಾಗಿರುವ ಒಂದು ಘಟನೆ ಇಲ್ಲಿ ನೆನಪಿಗೆ ಬರುತ್ತದೆ. ಪ್ರವಾದಿಯವರ(ಸ) ವಿಮೋಚಿತ ಸೇವಕರಾಗಿದ್ದ ಅಬೂ ರಾಫಿಅ್(ರ) ಅವರಿಗೆ ಸಅದ್ ಬಿನ್ ಅಬೀ ವಕ್ಕಾಸ್(ರ) ಅವರ ವಠಾರದಲ್ಲಿ ಎರಡು ಕೋಣೆಗಳಿದ್ದವು. ಅವುಗಳನ್ನು ಕೊಳ್ಳುವಂತೆ ಅವರು ಸಅದ್‌ರನ್ನೇ ಕೇಳಿದರು. ಸಅದ್ ಮೊದಲು ಒಪ್ಪಲಿಲ್ಲ. ಅನಂತರ, ನಾಲ್ಕು ಸಾವಿರಕ್ಕಿಂತ ಹೆಚ್ಚು ಕೊಡಲಾರೆ, ಅದನ್ನೂ ಕಂತುಗಳಲ್ಲಿ ಕೊಡುವೆ ಎಂದರು. ಅಬೂ ರಾಫಿಅ್‌ರಿಗೆ ಬೇರೊಬ್ಬರು 500 ದೀನಾರ್ ಕೊಡಲು ಸಿದ್ಧರಿದ್ದರು. ಅದು ಸಅದ್ ಹೇಳಿದ್ದಕ್ಕಿಂತ ಹೆಚ್ಚಿನ ಮೊತ್ತ. ಆದರೂ, ಸಾಮೀಪ್ಯದ ಕಾರಣ ನೆರೆಯವನಿಗೆ ಹೆಚ್ಚಿನ ಹಕ್ಕಿದೆ ಎಂಬ ಪ್ರವಾದಿವಚನವನ್ನು ತಾನು ಕೇಳಿರುವುದರಿಂದ ಅವರು ಸಅದ್‌ರಿಗೇ ಕೊಟ್ಟರು. ಕರ್ಮಶಾಸ್ತ್ರಜ್ಞರು ಶುಫ್‌ಆ, ಅಂದರೆ ಮೊದಲು ಕೊಳ್ಳುವ ಹಕ್ಕಿನ ಚರ್ಚೆಯಲ್ಲಿ ಈ ವರದಿಯನ್ನು ಪರಿಶೀಲಿಸಿದ್ದಾರೆ. ಹನಫಿಗಳು ಈ ಹಕ್ಕನ್ನು ನೆರೆಯವನಿಗೂ ಕೊಡುತ್ತಾರೆ, ಶಾಫಿಈಗಳು ಸಹಪಾಲುದಾರನಿಗೆ ಮಾತ್ರ. ಆ ಭಿನ್ನಾಭಿಪ್ರಾಯ ಇಲ್ಲಿ ಮುಖ್ಯವಲ್ಲ. ಒಂದೇ ವಠಾರದ ಕೋಣೆಗೆ ಹೊರಗಿನವನ ಕೈಯಲ್ಲಿ ಇರುವ ಅರ್ಥ ಬೇರೆ, ನೆರೆಯವನ ಕೈಯಲ್ಲಿ ಇರುವ ಅರ್ಥ ಬೇರೆ ಎಂಬ ತಿಳಿವಳಿಕೆ ಆ ಸಮಾಜದಲ್ಲಿತ್ತು ಎಂಬುದು ಮುಖ್ಯ.

ಈಗ ನಮ್ಮ ಊರುಗಳ ಖರೀದಿದಾರರತ್ತ ನೋಡೋಣ. ಕರಾವಳಿಯಲ್ಲಿ ಜಾಗ ಕೊಳ್ಳುವವರಲ್ಲಿ ಗಲ್ಫ್‌ನಲ್ಲಿ ದುಡಿಯುವವರು ಬಹಳ. ಅವರಿಗೆ ಸಮಯವಿಲ್ಲ, ಮೂವತ್ತು ದಿನದ ರಜೆಯಲ್ಲಿ ಜಾಗ ನೋಡಿ, ಮುಂಗಡ ಕೊಟ್ಟು, ನೋಂದಣಿಯನ್ನೂ ಮುಗಿಸಿ ಮರಳಬೇಕು. ಈ ಅವಸರ ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದಾಯಿತು. ಅಂದಿನಿಂದ ‘ಈಗ ಯಾರು ಬೇಕಾದರೂ ತೋಟ ಕೊಳ್ಳಬಹುದು’ ಎಂಬ ಮಾತು ಹಬ್ಬಿದೆ. ಆದರೆ ಉದ್ಯೋಗಕ್ಕಾಗಿ ವಿದೇಶದಲ್ಲಿ ನೆಲೆಸಿರುವವನಿಗೆ ಇದು ಅನ್ವಯಿಸುವುದಿಲ್ಲ. ವಿದೇಶಿ ವಿನಿಮಯ ನಿರ್ವಹಣಾ ಕಾನೂನಿನ ಪ್ರಕಾರ ಅನಿವಾಸಿಯು ಕೃಷಿಭೂಮಿಯನ್ನಾಗಲಿ, ತೋಟವನ್ನಾಗಲಿ, ತೋಟದ ಮನೆಯನ್ನಾಗಲಿ ಖರೀದಿಸುವಂತಿಲ್ಲ, ವಾರೀಸಿನಿಂದ ಬಂದುದನ್ನು ಇಟ್ಟುಕೊಳ್ಳಬಹುದು ಅಷ್ಟೇ. ಹಾಗಾಗಿ ಪರಿವರ್ತನೆಯಾಗದ ಅಡಿಕೆ ತೋಟವೊಂದು ಅರ್ಧ ಬೆಲೆಗೆ ಸಿಕ್ಕರೂ ದುಬೈಯಲ್ಲಿರುವವನಿಗೆ ಅದು ಒಳ್ಳೆಯ ವ್ಯಾಪಾರವಲ್ಲ. ಊರಲ್ಲೇ ಇರುವ ಅವನ ನೆರೆಯವನಿಗೆ ಅದೇ ತೋಟ ಒಳ್ಳೆಯದಾಗಬಹುದು.

ಇದಕ್ಕೆ ನಮ್ಮವರು ಕಂಡುಕೊಂಡಿರುವ ಪರಿಹಾರವೇನು? ತಂದೆಯ ಹೆಸರಿನಲ್ಲಿ, ಅಣ್ಣನ ಹೆಸರಿನಲ್ಲಿ ಕೊಳ್ಳುವುದು. ಮನೆ ನಿವೇಶನಗಳನ್ನೂ ಪ್ರೀತಿಯಿಂದಲೋ ಸಂಕೋಚದಿಂದಲೋ ಹೀಗೆಯೇ ಕೊಳ್ಳುವವರಿದ್ದಾರೆ. ಬೇನಾಮಿ ವ್ಯವಹಾರ ನಿಷೇಧ ಕಾಯ್ದೆಯು ಪತ್ನಿಯ ಮತ್ತು ಮಕ್ಕಳ ಹೆಸರಿನಲ್ಲಿ ಗೊತ್ತಿರುವ ಆದಾಯದಿಂದ ಕೊಳ್ಳುವುದಕ್ಕೆ ವಿನಾಯಿತಿ ಕೊಟ್ಟಿದೆ. ತಂದೆ ತಾಯಿ, ಸಹೋದರ ಸಹೋದರಿಯರ ವಿಷಯದಲ್ಲಾದರೋ, ದಾಖಲೆಯಲ್ಲಿ ಹಣ ಕೊಟ್ಟವನ ಹೆಸರೂ ಜಂಟಿಯಾಗಿ ಇದ್ದರೆ ಮಾತ್ರ ಆ ವಿನಾಯಿತಿ. ಕಾನೂನನ್ನು ಬದಿಗಿಟ್ಟರೂ ಒಂದು ಪ್ರಶ್ನೆ ಉಳಿಯುತ್ತದೆ. ತಂದೆ ತೀರಿಕೊಂಡ ದಿನ, ಅವರ ಹೆಸರಿನಲ್ಲಿರುವ ಆ ಮನೆ ಎಲ್ಲ ವಾರೀಸುದಾರರ ನಡುವೆ ಹಂಚಿಕೆಯಾಗಬೇಕಾದ ಸೊತ್ತು. ‘ಅದು ನನ್ನ ದುಡಿಮೆ’ ಎಂದು ಮಗ ಹೇಳುತ್ತಾನೆ, ‘ದಾಖಲೆ ಎಲ್ಲಿ?’ ಎಂದು ಉಳಿದವರು ಕೇಳುತ್ತಾರೆ. ಇಪ್ಪತ್ತೈದು ವರ್ಷ ಮರಳುಗಾಡಿನಲ್ಲಿ ದುಡಿದವನು ಕೊನೆಗೆ ತಾನೇ ಕಟ್ಟಿಸಿದ ಮನೆಯ ಅಂಗಳದಲ್ಲಿ ಪಾಲಿನ ಮಾತುಕತೆಗೆ ಕೂರಬೇಕಾಗುತ್ತದೆ. ತಂದೆಗೆ ದಾನವಾಗಿ ಕೊಟ್ಟದ್ದೋ ಅಥವಾ ಹೆಸರಷ್ಟೇ ಅವರದೋ ಎಂಬುದನ್ನು ಖರೀದಿಯ ದಿನವೇ ಬರವಣಿಗೆಯಲ್ಲಿ ಸ್ಪಷ್ಟಪಡಿಸುವುದು ಅಗೌರವವಲ್ಲ. ಸಾಲದ ವ್ಯವಹಾರವನ್ನು ಬರೆದಿಡುವಂತೆ ಅಲ್‌ಬಕರಾ ಅಧ್ಯಾಯದಲ್ಲಿ ಅಷ್ಟು ವಿವರವಾಗಿ ಆದೇಶಿಸಿರುವ ಕುರ್‌ಆನನ್ನು ಓದುವ ಸಮುದಾಯ ನಮ್ಮದು.

ಬೆಂಗಳೂರಿನ ಸಂಬಳದಾರನ ಲೆಕ್ಕ ಇನ್ನೊಂದು ಬಗೆಯದು. ಶೇ. 8.5ರ ಬಡ್ಡಿಯಲ್ಲಿ 40 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಮೊದಲ ಕಂತಿನಲ್ಲಿ 28,000ಕ್ಕೂ ಹೆಚ್ಚು ಬಡ್ಡಿಗೇ ಹೋಗುತ್ತದೆ. ಒಟ್ಟು ಮರುಪಾವತಿ 83 ಲಕ್ಷ ದಾಟುತ್ತದೆ. ಅಂದರೆ ‘40 ಲಕ್ಷಕ್ಕೆ ಸಿಕ್ಕಿತು’ ಎಂದು ಅವನು ಹೇಳಿಕೊಳ್ಳುವ ಫ್ಲ್ಯಾಟಿನ ಬೆಲೆ ಅವನ ಪಾಲಿಗೆ 40 ಲಕ್ಷವಲ್ಲ. ಬಡ್ಡಿಯ ನಿಷೇಧದ ಬಗ್ಗೆ ಈ ಓದುಗರಿಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಅಂಥದೇ ಮನೆ 14 ಸಾವಿರಕ್ಕೆ ಬಾಡಿಗೆಗೆ ಸಿಗುವುದಾದರೆ, ಬಾಡಿಗೆ ವರ್ಷ ವರ್ಷ ಏರಿದರೂ ಐದು ವರ್ಷದಲ್ಲಿ 10 ಲಕ್ಷದಷ್ಟು ಉಳಿಸಲು ಸಾಧ್ಯವಿದೆ. ಅಷ್ಟರಲ್ಲಿ ಮನೆಯ ಬೆಲೆಯೂ ಏರುತ್ತದಲ್ಲ ಎಂಬ ಆಕ್ಷೇಪ ಸರಿಯಾದುದೇ, ಅದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಆದರೆ ಬಾಡಿಗೆ ಮನೆಯೆಂದರೆ ಅವಮಾನ, ಹೆಣ್ಣು ಕೊಡುವವರು ಮನೆ ಸ್ವಂತವೇ ಎಂದು ಕೇಳುತ್ತಾರೆ ಎಂಬ ಭಯದಿಂದ ಸಾಲಕ್ಕಿಳಿಯುವವರೂ ಇದ್ದಾರೆ. ಆ ಭಯವನ್ನು ಸೃಷ್ಟಿಸಿದವರು ನಾವೇ.

ಮಾರುವ ಉದ್ದೇಶದಿಂದಲೇ ನಿವೇಶನ ಕೊಳ್ಳುವವನು ಒಂದು ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ವಾಸದ ಮನೆಗೆ ಝಕಾತ್ ಇಲ್ಲ. ಬಾಡಿಗೆಗೆ ಕೊಟ್ಟ ಕಟ್ಟಡದಲ್ಲಿ ಝಕಾತ್ ಬರುವುದು ಉಳಿದ ಆದಾಯಕ್ಕೆ. ಆದರೆ ಮರುಮಾರಾಟಕ್ಕೆಂದು ಕೊಂಡ ಜಾಗ ವ್ಯಾಪಾರದ ಸರಕು. ಬಹುಪಾಲು ವಿದ್ವಾಂಸರ ಪ್ರಕಾರ ವರ್ಷಕ್ಕೊಮ್ಮೆ ಅದರ ಮಾರುಕಟ್ಟೆ ಬೆಲೆಯ ಶೇ. 2.5 ಝಕಾತ್ ಸಲ್ಲಬೇಕು. 40 ಲಕ್ಷದ ನಿವೇಶನಕ್ಕೆ ವರ್ಷಕ್ಕೆ ಒಂದು ಲಕ್ಷ. ಇದನ್ನು ಸೇರಿಸಿ ಲೆಕ್ಕ ಹಾಕಿದರೆ ಹತ್ತು ವರ್ಷ ಬೇಲಿ ಹಾಕಿ ಬಿಟ್ಟ ಜಾಗದ ಲಾಭ ಬೇರೆಯಾಗಿ ಕಾಣುತ್ತದೆ. ವಯಸ್ಸಾದ ದಂಪತಿಗಾದರೋ ಲೆಕ್ಕ ಸರಳ. ಮಸೀದಿಗೂ ಆಸ್ಪತ್ರೆಗೂ ನಡೆದು ಹೋಗಬಹುದಾದ ಚಿಕ್ಕ ಮನೆ ಸೆಂಟ್ಸಿಗೆ ದುಪ್ಪಟ್ಟು ಬಿದ್ದರೂ ಅವರಿಗೆ ಅಗ್ಗವೇ.

ಇನ್ನು ಮಾರುವವನ ಕಡೆಯ ಪ್ರಶ್ನೆ. ಜಾಗ ಏಕೆ ಅಗ್ಗ? ಕೆಲವೊಮ್ಮೆ ಅದು ಮಾರಲು ಬಾರದ ಜಾಗ. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಪಕ್ಕದ ಕುಮ್ಕಿಯನ್ನು ಸ್ವಂತದ್ದೆಂಬಂತೆ ತೋರಿಸುವುದುಂಟು, ಆದರೆ ಕುಮ್ಕಿ ಸರಕಾರದ ಭೂಮಿಯ ಮೇಲಿನ ಅನುಭೋಗವೇ ಹೊರತು ಒಡೆತನವಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಕ್ರಯವೇ ಅಸಿಂಧು. ವಕ್ಫ್ ಜಾಗದ ಬಗ್ಗೆ ಹೇಳುವುದೇ ಬೇಡ.

ಆದರೆ ನಮ್ಮಲ್ಲಿ ಹೆಚ್ಚಾಗಿ ಅಡಗಿರುವ ಕಾರಣ ಬೇರೊಂದಿದೆ, ಅದು ಹೆಣ್ಣುಮಕ್ಕಳ ಪಾಲು. ತಂದೆ ತಾಯಿ ಬದುಕಿಲ್ಲದ ಒಬ್ಬರು, 16 ಸೆಂಟ್ಸ್ ಜಾಗ, ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ಮರಣ ಹೊಂದಿದರೆನ್ನಿ. ಅನ್ನಿಸಾ ಅಧ್ಯಾಯದ ವಿಧಿಯಂತೆ, ಸಾಲ ಮತ್ತು ವಸೀಯತ್ ಕಳೆದ ಮೇಲೆ, ಪತ್ನಿಗೆ ಎಂಟನೇ ಒಂದು. ಉಳಿದುದರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು ಪಾಲು. ಲೆಕ್ಕ ಹಾಕಿದರೆ ಪತ್ನಿಗೆ 2 ಸೆಂಟ್ಸ್, ಪ್ರತಿಯೊಬ್ಬ ಮಗಳಿಗೆ 2, ಪ್ರತಿಯೊಬ್ಬ ಮಗನಿಗೆ 4. ಅಂದರೆ 16ರಲ್ಲಿ 8 ಸೆಂಟ್ಸ್ ಮಹಿಳೆಯರದು. ಇಬ್ಬರು ಗಂಡುಮಕ್ಕಳು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡು 16 ಸೆಂಟ್ಸನ್ನೂ ಮಾರಿದರೆ ಅರ್ಧ ಜಾಗ ಅವರದಲ್ಲ. ಖಾತೆ ತೆರಿಗೆ ಕಟ್ಟುವ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ‘ಸಹೋದರಿಯರಿಗೆ ಮದುವೆಯಲ್ಲಿ ಕೊಟ್ಟಾಗಿದೆ’ ಎಂಬ ಮಾತಿಗೆ ಶರೀಅತ್‌ನಲ್ಲೂ ಬೆಲೆಯಿಲ್ಲ, ನ್ಯಾಯಾಲಯದಲ್ಲೂ ಇಲ್ಲ.

ಇಂಥ ಪಾಲು ಋಣಭಾರ ಪತ್ರದಲ್ಲಿ ಕಾಣುವುದಿಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಆ ಪತ್ರ ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ವಾರೀಸು ಹಕ್ಕು ಮರಣದ ಕ್ಷಣದಲ್ಲಿಯೇ ಹುಟ್ಟುತ್ತದೆ, ಅದಕ್ಕೆ ನೋಂದಣಿ ಬೇಕಿಲ್ಲ. ಮೌಖಿಕ ಹಿಬಾವೂ ಹಾಗೆಯೇ. ಕೊಟ್ಟೆನೆಂಬ ಘೋಷಣೆ, ಸ್ವೀಕಾರ, ಸ್ವಾಧೀನ ಈ ಮೂರೂ ಇದ್ದರೆ ಅದು ಸಿಂಧು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿದಿದೆ. ವಾರೀಸುದಾರರಲ್ಲಿ ಚಿಕ್ಕ ಮಕ್ಕಳಿದ್ದರಂತೂ ಇನ್ನೂ ಎಚ್ಚರ ಬೇಕು. ನಮಗೆ ಅನ್ವಯಿಸುವ ಕಾನೂನಿನಲ್ಲಿ ತಂದೆಯಿಲ್ಲದ ಅಪ್ರಾಪ್ತರ ಸ್ಥಿರಾಸ್ತಿಯನ್ನು ತಾಯಿಯಾಗಲಿ ಅಣ್ಣನಾಗಲಿ ತಾವೇ ರಕ್ಷಕರೆಂದು ಮಾರುವಂತಿಲ್ಲ, ನ್ಯಾಯಾಲಯದ ನೇಮಕ ಮತ್ತು ಅನುಮತಿ ಬೇಕು. ಇಲ್ಲದಿದ್ದರೆ ಆ ಮಕ್ಕಳು ಪ್ರಾಯಕ್ಕೆ ಬಂದು ಕೇಳುವಾಗ ಕೊಂಡವನು ಅದರ ಮೇಲೆ ಮನೆ ಕಟ್ಟಿ ಕುಳಿತಿರುತ್ತಾನೆ.

ಮದೀನಾದಲ್ಲಿ ಪ್ರವಾದಿಯವರ(ಸ) ಒಂಟೆ ಮಂಡಿಯೂರಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದಾಗಿತ್ತು. ಖರ್ಜೂರ ಒಣಗಿಸುವ ಬಯಲು. ಮಸೀದಿಗಾಗಿ ಉಚಿತವಾಗಿ ಕೊಡುತ್ತೇವೆಂದು ಅವರು ಹೇಳಿದರು. ಪ್ರವಾದಿವರ್ಯರು(ಸ) ಅದನ್ನು ದಾನವಾಗಿ ಸ್ವೀಕರಿಸದೆ ಬೆಲೆಗೇ ಕೊಂಡರು. ಅದಕ್ಕಿಂತ ಅಗ್ಗವಾಗಿ, ಅದಕ್ಕಿಂತ ಪುಣ್ಯದ ಉದ್ದೇಶಕ್ಕೆ ಸಿಕ್ಕ ಜಾಗ ಇನ್ನಾವುದು? ಅನಾಥರ ಜಾಗವೆಂಬ ಕಾರಣಕ್ಕೆ ಅಲ್ಲಿ ಅಗ್ಗವನ್ನು ಬಯಸಲಾಗಲಿಲ್ಲ.

ಆಸ್ಪತ್ರೆಯ ಬಿಲ್ಲಿಗಾಗಿಯೋ ಮಗಳ ಮದುವೆಗಾಗಿಯೋ ಅವಸರದಲ್ಲಿ ಮಾರುವವನ ವಿಷಯವೂ ಇದೇ ಸಾಲಿಗೆ ಸೇರುತ್ತದೆ. ಅನಿವಾರ್ಯತೆಗೆ ಸಿಲುಕಿದವನಿಂದ ಕಡಿಮೆ ಬೆಲೆಗೆ ಕಿತ್ತುಕೊಳ್ಳುವುದನ್ನು ನಮ್ಮ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಅವನಿಗೆ ಬೇಕಾಗಿರುವುದು ತಕ್ಷಣದ ಹಣ. ಕೈಯಲ್ಲಿ ಹಣವಿರುವ ಖರೀದಿದಾರನು ನ್ಯಾಯವಾದ ಬೆಲೆಯನ್ನೇ ಕೊಟ್ಟು, ಬೇಗ ಕೊಟ್ಟರೆ ಇಬ್ಬರಿಗೂ ಅನುಕೂಲ. ಕೊಳ್ಳುವವನೂ ಮಾರುವವನೂ ಸತ್ಯ ಹೇಳಿ ದೋಷವನ್ನು ತೆರೆದಿಟ್ಟರೆ ವ್ಯಾಪಾರದಲ್ಲಿ ಬರಕತ್ ಇರುವುದೆಂದೂ ಮುಚ್ಚಿಟ್ಟರೆ ಅದು ಅಳಿಸಿಹೋಗುವುದೆಂದೂ ಪ್ರವಾದಿಯವರು(ಸ) ತಿಳಿಸಿದ್ದಾರೆ. ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದುದನ್ನು ನಗದಾಗಿ ಕೊಡುವ ರೂಢಿಯೂ ಈ ಮಾತಿನ ವ್ಯಾಪ್ತಿಯೊಳಗೇ ಇದೆ. ಜಾಗದ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನೂ ನಿಷೇಧಿಸಿದೆ.

ವಕೀಲರಿಂದ ದಾಖಲೆ ಪರಿಶೀಲನೆ ಮಾಡಿಸುವುದು ಈಗ ಸಾಮಾನ್ಯವಾಗಿದೆ, ಒಳ್ಳೆಯದು. ಅದರೊಂದಿಗೆ ಇನ್ನೊಂದು ಕೆಲಸವನ್ನೂ ಮಾಡಬಹುದು. ಮುಂಗಡ ಕೊಡುವ ಮೊದಲು, ಮಾರುವವರ ಮನೆಯ ಹೆಣ್ಣುಮಕ್ಕಳ ಹೆಸರುಗಳನ್ನು ಬರೆದುಕೊಳ್ಳಿ. ಮಹಲ್ಲಾದ ಹಿರಿಯರನ್ನು ಕೇಳಿದರೆ ಎಷ್ಟು ಮಂದಿ, ಎಲ್ಲಿಗೆ ಮದುವೆಯಾಗಿ ಹೋಗಿದ್ದಾರೆ ಎಂಬುದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಅವರೆಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಲಿ, ಅವರ ಪಾಲಿನ ಹಣ ಅವರವರ ಬ್ಯಾಂಕ್ ಖಾತೆಗೇ ಹೋಗಲಿ. ಹೀಗೆ ಕೇಳಿದಾಗ ಮಾರುವವನು ಬೆಲೆ ಏರಿಸಿದರೆ, ಹಿಂದಿನ ಬೆಲೆ ಏಕೆ ಅಷ್ಟು ಕಡಿಮೆಯಿತ್ತೆಂಬುದು ಗೊತ್ತಾಗುತ್ತದೆ.